ಬಿಸಿಲಿಗೆ ಬರವಿಲ್ಲ, ಸೋಲಾರ್‌ಗೆ ಯಾಕಿಷ್ಟು ಅಡ್ಡಿ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಪ್ಯಾನಲ್ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯ ಇಲ್ಲಿ ಕಡಿಮೆ, ದುಡ್ಡು ಮತ್ತು ರಾಜಕೀಯದ ವಿಷಯ ಜಾಸ್ತಿ. ಹೆಚ್ಚಿನ ಉದಾಹರಣೆಗಳು ಕರ್ನಾಟಕದವು. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ.

## ಶುರುವಿನ ಪ್ರಶ್ನೆಗಳು

ನಮ್ಮಲ್ಲಿ ವರ್ಷದಲ್ಲಿ ಎಂಟು ತಿಂಗಳು ಬಿಸಿಲು ಸುಡುತ್ತೆ. ಆದ್ರೂ ಮನೆ ಮೇಲೆ ಯಾಕೆ ಪ್ಯಾನಲ್ ಕಾಣಲ್ಲ?

ಪ್ಯಾನಲ್‌ನಿಂದ ಎಷ್ಟು ಕರೆಂಟ್ ಬರುತ್ತದೆ ಅನ್ನುವುದು ಬಿಸಿಲಿನ ಕೈಯಲ್ಲಿದೆ. ಆ ಪ್ಯಾನಲ್ ಮಾಳಿಗೆ ಹತ್ತುತ್ತದೋ ಇಲ್ಲವೋ ಅನ್ನುವುದು ಕರೆಂಟ್ ಬಿಲ್‌ನ ಕೈಯಲ್ಲಿದೆ.

ಕರ್ನಾಟಕದಲ್ಲಿ ಬಿಲ್ ಕಟ್ಟುವವರನ್ನು ಎರಡು ಗುಂಪು ಮಾಡಿ ನೋಡಿ. ಒಂದು ಕಡೆ ಏನೂ ಕಟ್ಟದವರು: ಪಂಪ್‌ಸೆಟ್ ರೈತರು, ಗೃಹಜ್ಯೋತಿ ಮನೆಗಳು. ಇವರಿಗೆ ಸೋಲಾರ್ ಹಾಕಿದರೆ ಉಳಿಯುವುದು ಸೊನ್ನೆ. ಇನ್ನೊಂದು ಕಡೆ ಜಾಸ್ತಿ ಕಟ್ಟುವವರು: ದೊಡ್ಡ ಮನೆ, ಅಂಗಡಿ, ಹೋಟೆಲ್, ಕಾರ್ಖಾನೆ. ಇವರಿಗೆ ಸೋಲಾರ್ ಲಾಭ. ಆದರೆ ಎಸ್ಕಾಂಗಳ (ಬೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಗಳ) ಸಂಸಾರ ನಡೆಯುವುದೇ ಇವರ ದುಡ್ಡಿನಿಂದ, ಹಾಗಾಗಿ ಇವರನ್ನು ಬಿಟ್ಟುಕೊಡಲು ಅವಕ್ಕೆ ಮನಸ್ಸಿಲ್ಲ. ಬೇಕಾದವರಿಗೆ ತಡೆ, ತಡೆ ಇಲ್ಲದವರಿಗೆ ಬೇಕಿಲ್ಲ. ಈ ಪುಟದ ಮುಕ್ಕಾಲು ಪಾಲು ಉತ್ತರಗಳು ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಜನರಿಗೆ ಸೋಲಾರ್ ಅಂದರೆ ಅಪನಂಬಿಕೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಮಾಳಿಗೆಗಳನ್ನು ನೋಡಿ, ಸಾಲಾಗಿ ಸೋಲಾರ್ ವಾಟರ್ ಹೀಟರ್‌ಗಳಿವೆ. ಹೊಸ ಮನೆಗೆ ಅದು ಕಡ್ಡಾಯ ಅಂತ ನಿಯಮ ಬಂತು, ಬಿಲ್‌ನಲ್ಲಿ ಯೂನಿಟ್‌ಗೆ 50 ಪೈಸೆ ರಿಯಾಯಿತಿ ಸಿಕ್ಕಿತು, ಜನ ಹಾಕಿಸಿಕೊಂಡರು.

ಕರ್ನಾಟಕ ಸೋಲಾರ್‌ನಲ್ಲಿ ದೇಶಕ್ಕೇ ಮುಂದೆ ಅಂತ ಓದಿದ್ದೆ. ಅದು ಸುಳ್ಳಾ?

ಸುಳ್ಳಲ್ಲ. 2018ರ ಹೊತ್ತಿಗೆ ಕರ್ನಾಟಕ ದೇಶದಲ್ಲಿ ಮೊದಲ ಸ್ಥಾನದಲ್ಲಿತ್ತು. ಆಮೇಲೆ ರಾಜಸ್ಥಾನ, ಗುಜರಾತ್ ಮುಂದೆ ಹೋದವು. ಆದರೆ ನಮ್ಮ ಸಾಮರ್ಥ್ಯದ ಬಹುಪಾಲು ತುಮಕೂರು ಜಿಲ್ಲೆಯ ಪಾವಗಡದಂಥ ಸೋಲಾರ್ ಪಾರ್ಕ್‌ಗಳಲ್ಲಿ ಮತ್ತು ಬಯಲುಸೀಮೆಯ ಹೊಲಗಳಲ್ಲಿ ನೆಲದ ಮೇಲೆ ಹಾಕಿದ ಪ್ಲಾಂಟ್‌ಗಳಲ್ಲಿದೆ. ಮಾಳಿಗೆ ಮೇಲಿನದು ಸಣ್ಣ ಪಾಲು.

ದೇಶದ ಕಥೆಯೂ ಅದೇ. 2015ರಲ್ಲಿ ಕೇಂದ್ರ ಸರ್ಕಾರ 2022ಕ್ಕೆ 100 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಅಂದರೆ ಸಾವಿರ ಮೆಗಾವ್ಯಾಟ್) ಸೋಲಾರ್ ಗುರಿ ಇಟ್ಟಿತು. ಅದರಲ್ಲಿ 40 ಮಾಳಿಗೆಗಳಿಂದ ಬರಬೇಕಿತ್ತು. 2022 ಮುಗಿದಾಗ ಆ 40ರಲ್ಲಿ ಕಾಲು ಭಾಗವೂ ಆಗಿರಲಿಲ್ಲ. ಪಾರ್ಕ್ ಅಂದರೆ ಒಂದು ಟೆಂಡರ್, ಒಂದು ಒಪ್ಪಂದ, ಒಂದು ಉದ್ಘಾಟನೆ. ಮಾಳಿಗೆ ಅಂದರೆ ಲಕ್ಷಾಂತರ ಅರ್ಜಿ, ಲಕ್ಷಾಂತರ ಮೀಟರ್, ಪ್ರತಿಯೊಂದರಲ್ಲೂ ಎಸ್ಕಾಂಗೆ ಒಬ್ಬ ಗಿರಾಕಿ ಅರ್ಧ ಕೈತಪ್ಪುವ ಲೆಕ್ಕ.

ಬಿಸಿಲು ಜಾಸ್ತಿ ಇರೋ ದೇಶಗಳೇ ಮುಂದಿರಬೇಕಲ್ವಾ?

ಇಲ್ಲ. ಮೋಡ ಮುಸುಕಿದ ಜರ್ಮನಿ ಮತ್ತು ಬಿಸಿಲಿನ ಭಾರತ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, 2025ರ ಆರಂಭದ ಆಸುಪಾಸಿನಲ್ಲಿ, 100 ಗಿಗಾವ್ಯಾಟ್ ಮುಟ್ಟಿದವು. ಜರ್ಮನಿಯ ಜನಸಂಖ್ಯೆ ಎಂಟು ಕೋಟಿ ಚಿಲ್ಲರೆ. ಇಡೀ ಆಫ್ರಿಕಾ ಖಂಡದಲ್ಲಿ ಜಗತ್ತಿನ ಅತ್ಯುತ್ತಮ ಬಿಸಿಲು ಬೀಳುವ ಜಾಗಗಳ ಶೇ. 60ರಷ್ಟಿವೆ, ಪ್ಯಾನಲ್ ಇರುವುದು ಜಗತ್ತಿನ ಶೇ. 1ರ ಆಸುಪಾಸು. ಬಿಸಿಲಿನ ನಕ್ಷೆಗೂ ಸೋಲಾರ್ ನಕ್ಷೆಗೂ ತಾಳೆಯೇ ಇಲ್ಲ. ಸಾಲ ಎಲ್ಲಿ ಅಗ್ಗ, ನಿಯಮ ಎಲ್ಲಿ ಸ್ಥಿರ, ಕರೆಂಟ್ ಎಲ್ಲಿ ದುಬಾರಿ ಅನ್ನುವ ನಕ್ಷೆ ಹಾಕಿದರೆ ತಾಳೆಯಾಗುತ್ತದೆ.

## ಮನೆ ಲೆಕ್ಕ

ಗೃಹಜ್ಯೋತಿಯಲ್ಲಿ ಬಿಲ್ಲೇ ಬರಲ್ಲ. ನಾನ್ಯಾಕೆ ಲಕ್ಷ ರೂಪಾಯಿ ಸುರೀಲಿ?

ಸುರಿಯಬೇಡಿ. ನಿಮ್ಮ ಜೇಬಿನ ಲೆಕ್ಕದಲ್ಲಿ ಅದು ಸರಿಯಾದ ತೀರ್ಮಾನ. 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ನಿಮ್ಮ ಪಾಲಿಗೆ ಎಷ್ಟು ಅನ್ನುವುದನ್ನು 2022-23ರ ಸರಾಸರಿಯ ಮೇಲೆ ಶೇ. 10 ಸೇರಿಸಿ ಗೊತ್ತುಮಾಡಿದ್ದಾರೆ. 140 ಯೂನಿಟ್ ಉರಿಸುವ ಮನೆಗೆ ಸೋಲಾರ್‌ನಿಂದ ಒಂದು ಪೈಸೆಯೂ ಉಳಿಯುವುದಿಲ್ಲ.

400 ಯೂನಿಟ್ ಉರಿಸುವ ಮನೆಯ ಲೆಕ್ಕ ಬೇರೆ. 3 ಕಿಲೋವ್ಯಾಟ್ ಪ್ಲಾಂಟ್‌ಗೆ ಸುಮಾರು ಎರಡು ಲಕ್ಷ ಅಂದುಕೊಳ್ಳಿ. ಕೇಂದ್ರದ ಸಬ್ಸಿಡಿ 78,000 ಕಳೆದರೆ 1.22 ಲಕ್ಷ. ತಿಂಗಳಿಗೆ ಸರಾಸರಿ 350 ಯೂನಿಟ್ ಬರುತ್ತದೆ. ಮಳೆಗಾಲದಲ್ಲಿ ಕಡಿಮೆ, ಮಾರ್ಚ್ ಏಪ್ರಿಲ್‌ನಲ್ಲಿ ಜಾಸ್ತಿ. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಹಿಡಿದರೆ ತಿಂಗಳಿಗೆ 2,000 ರೂಪಾಯಿ ಉಳಿತಾಯ. ಐದು ವರ್ಷಕ್ಕೆ ಹಾಕಿದ್ದು ವಾಪಸ್. ಪ್ಯಾನಲ್ ಬಾಳಿಕೆ 25 ವರ್ಷ.

ಈಗ 140 ಯೂನಿಟ್ ಮನೆಯನ್ನು ಸರ್ಕಾರದ ಕಡೆಯಿಂದ ನೋಡೋಣ. ನಿಮಗೆ ಉಚಿತವಾದ ಆ ಕರೆಂಟಿಗೆ ಸರ್ಕಾರ ಎಸ್ಕಾಂಗೆ ದುಡ್ಡು ಕಟ್ಟುತ್ತಲೇ ಇರುತ್ತದೆ, ಪ್ರತಿ ತಿಂಗಳೂ. ಅದೇ ಮನೆ ಮೇಲೆ 1 ಕಿಲೋವ್ಯಾಟ್ ಪ್ಲಾಂಟ್ ಹಾಕಿಸಿದರೆ ತಿಂಗಳಿಗೆ 115 ಯೂನಿಟ್ ಆಸುಪಾಸು ಬರುತ್ತದೆ. ಎಪ್ಪತ್ತು ಸಾವಿರದ ಪ್ಲಾಂಟ್‌ಗೆ ಕೇಂದ್ರದ 30,000 ಕಳೆದು ಉಳಿಯುವುದು ನಲವತ್ತು ಸಾವಿರ. ಅಷ್ಟನ್ನು ರಾಜ್ಯವೇ ಭರಿಸಿದರೂ ಐದು ವರ್ಷಕ್ಕೆ ಗಿಟ್ಟುತ್ತದೆ, ಆಮೇಲೆ ಆ ಮನೆಯ ಸಬ್ಸಿಡಿ ಬಹುಪಾಲು ಇಲ್ಲವಾಗುತ್ತದೆ. ಲೆಕ್ಕ ಗೊತ್ತಿಲ್ಲದೆ ಯಾರೂ ಸುಮ್ನೆ ಕೂತಿಲ್ಲ. ಐದು ವರ್ಷ ಅಂದರೆ ಒಂದು ಚುನಾವಣೆ. ಸೊನ್ನೆ ಬಿಲ್ ಪ್ರತಿ ತಿಂಗಳೂ ಮನೆ ಬಾಗಿಲಿಗೆ ಬಂದು ಸರ್ಕಾರವನ್ನು ನೆನಪಿಸುತ್ತದೆ, ಪ್ಯಾನಲ್ ಒಂದು ಸಲ ಬಂದು ಮಾಳಿಗೆ ಸೇರಿಬಿಡುತ್ತದೆ. ಇನ್ನೊಂದು ಮಾತು: ಗೃಹಜ್ಯೋತಿ ಮನೆಗಳಲ್ಲಿ ಎಷ್ಟೋ ಶೀಟಿನವು, ಹೆಂಚಿನವು. ಅಲ್ಲಿ ಪ್ಯಾನಲ್ ಕೂರಿಸುವುದೇ ಕಷ್ಟ.

ಸಬ್ಸಿಡಿ ಸರಿಯಾಗಿ ಎಷ್ಟು? "ಫ್ರೀ ಸೋಲಾರ್" ಅಂತ ದಿನಾ ಫೋನ್ ಬರ್ತಿದೆ.

2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000. ಅಲ್ಲಿಗೆ ಮುಗಿಯಿತು. 5 ಕಿಲೋವ್ಯಾಟ್ ಹಾಕಿದರೂ ಅಷ್ಟೇ. ದುಡ್ಡು ಪ್ಲಾಂಟ್ ಚಾಲೂ ಆದಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಯೋಜನೆಯ ಹೆಸರಲ್ಲಿ ಉಚಿತ ವಿದ್ಯುತ್ ಅಂತ ಇದೆ, ಉಚಿತ ಪ್ಯಾನಲ್ ಅಂತ ಇಲ್ಲ. ಮುಂಗಡ ಕೇಳುವ ಫೋನ್ ಕರೆಗೆ ಒಟಿಪಿ ಕೊಡಬೇಡಿ, ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಿದ ವೆಂಡರ್ ಪಟ್ಟಿ ನೋಡಿ.

ಕೈಯಲ್ಲಿ ಅಷ್ಟು ದುಡ್ಡಿಲ್ಲ. ಬ್ಯಾಂಕ್‌ನೋರು ಸಾಲ ಕೊಡ್ತಾರಾ?

ಈಗ ಕೊಡುತ್ತಾರೆ. 3 ಕಿಲೋವ್ಯಾಟ್‌ವರೆಗಿನ ಪ್ಲಾಂಟ್‌ಗೆ ಅಡಮಾನ ಇಲ್ಲದೆ, ಮನೆ ಸಾಲಕ್ಕಿಂತ ಕಡಿಮೆ ಬಡ್ಡಿಗೆ ಸಾರ್ವಜನಿಕ ಬ್ಯಾಂಕ್‌ಗಳಲ್ಲಿ ಸಿಗುತ್ತದೆ. ಆದರೆ ಶಾಖೆಯ ಮ್ಯಾನೇಜರ್‌ಗೆ ಯೋಜನೆ ಗೊತ್ತಿರಬೇಕು. ಸಣ್ಣ ಊರುಗಳಲ್ಲಿ ಅದೇ ತೊಡಕು.

ಸೋಲಾರ್‌ನ ದೊಡ್ಡ ಕಷ್ಟ ಇರುವುದೇ ಇಲ್ಲಿ. ಕಲ್ಲಿದ್ದಲು ಸ್ಥಾವರಕ್ಕೆ ಇಂಧನದ ದುಡ್ಡನ್ನು ದಿನ ದಿನ ಕೊಟ್ಟರಾಯಿತು. ಸೋಲಾರ್‌ನಲ್ಲಿ 25 ವರ್ಷದ ಕರೆಂಟಿನ ದುಡ್ಡನ್ನು ಮೊದಲ ದಿನವೇ ಎಣಿಸಬೇಕು. ಹಾಗಾಗಿ ಬಡ್ಡಿ ದರ ಶೇಕಡಾ ಎರಡು ಮೂರರಷ್ಟು ಏರಿದರೂ ಕರೆಂಟಿನ ಬೆಲೆ ಬದಲಾಗುತ್ತದೆ. ಆಫ್ರಿಕಾದ ಬಹಳಷ್ಟು ದೇಶಗಳಲ್ಲಿ ಬಂಡವಾಳದ ಖರ್ಚು ಶ್ರೀಮಂತ ದೇಶಗಳಿಗಿಂತ ಎರಡು ಮೂರು ಪಟ್ಟು, ಅಲ್ಲಿನ ಬಿಸಿಲು ಕೆಲಸಕ್ಕೆ ಬಾರದಿರುವುದು ಅದಕ್ಕೇ.

ಈ ಪಾಠ ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ಜೊತೆಗಾರರು ಕಟ್ಟಿದ ಸೆಲ್ಕೋ, ಕರಾವಳಿ ಮತ್ತು ಮಲೆನಾಡಿನ ಕರೆಂಟಿಲ್ಲದ ಮನೆಗಳಿಗೆ ಸೋಲಾರ್ ದೀಪ ತಲುಪಿಸಿದ್ದು ಗ್ರಾಮೀಣ ಬ್ಯಾಂಕ್‌ಗಳ ಸಣ್ಣ ಕಂತಿನ ಸಾಲದ ಮೂಲಕ. ಆ ಕೆಲಸಕ್ಕೆ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ಯಾನಲ್‌ಗಿಂತ ಮೊದಲು ಕಂತನ್ನು ಹೊಂದಿಸಿದ್ದರಿಂದ ಅದು ನಡೆಯಿತು.

ಎಸ್ಕಾಂ ಆಫೀಸಿಗೆ ಅಲೆದು ಅಲೆದು ಚಪ್ಪಲಿ ಸವೀತು. ಬೇಕಂತಲೇ ತಡ ಮಾಡ್ತಾರಾ?

ಬಹಳ ಸಲ ಬೇಕಂತಲೇ ಅಲ್ಲ. ಆರ್‌ಆರ್ ನಂಬರ್ (ಬಿಲ್ ಮೇಲಿನ ಗ್ರಾಹಕ ಸಂಖ್ಯೆ) ಇನ್ನೂ ತಾತನ ಹೆಸರಲ್ಲಿರುತ್ತದೆ, ಆಧಾರ್ ಮೊಮ್ಮಗನದು. ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ಕರೆಂಟಿನ ಮಿತಿ) 1 ಕಿಲೋವ್ಯಾಟ್, ಅರ್ಜಿ 3ಕ್ಕೆ. ಒಳಗೆ ಬರುವ, ಹೊರಗೆ ಹೋಗುವ ಕರೆಂಟ್ ಎರಡನ್ನೂ ಎಣಿಸುವ ನೆಟ್ ಮೀಟರ್ ಸ್ಟಾಕ್ ಇಲ್ಲ. ಇವೆಲ್ಲ ನಿಜವಾದ ಕಾರಣಗಳು. 2024ರಲ್ಲಿ ಕೇಂದ್ರ ಬದಲಿಸಿದ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ, ಒಪ್ಪಿಗೆಯಾಯಿತು ಅಂತಲೇ ಲೆಕ್ಕ. ಅರ್ಜಿಯಲ್ಲಿ ಇದನ್ನು ಕಾಣಿಸಿ, ತಡವಾದರೆ ಲಿಖಿತವಾಗಿ ಕಾರಣ ಕೇಳಿ. ಬಾಯಿಮಾತಿನ ಉತ್ತರ ತಗೊಂಡು ವಾಪಸ್ ಬರಬೇಡಿ.

ಆದರೂ ಒಂದು ಮಾತು ಹೇಳಬೇಕು. ಉಪವಿಭಾಗದ ಇಂಜಿನಿಯರ್‌ನನ್ನು ಮೇಲಿನವರು ಕೇಳುವುದು ತಿಂಗಳ ವಸೂಲಿ ಎಷ್ಟಾಯಿತು ಅಂತ. ಎಷ್ಟು ಮಾಳಿಗೆಗೆ ಸೋಲಾರ್ ಬಂತು ಅಂತ ಕೇಳುವವರು ಕಡಿಮೆ. ಅವನ ವ್ಯಾಪ್ತಿಯಲ್ಲಿ ಚೆನ್ನಾಗಿ ಬಿಲ್ ಕಟ್ಟುವ ಮನೆಗಳೇ ಸೋಲಾರ್‌ಗೆ ಅರ್ಜಿ ಹಾಕುವುದು. ಫೈಲು ನಿಧಾನವಾಗಿ ಓಡಿದರೆ ಅವನಿಗೆ ನಷ್ಟವೇನೂ ಇಲ್ಲ.

ಉಳಿದ ಕರೆಂಟ್ ಮಾರಿ ದುಡ್ಡು ಮಾಡಬಹುದು ಅಂತಾರೆ. ಹೌದಾ?

ಒಂದು ಕಾಲದಲ್ಲಿ ಮಾಡಿದವರಿದ್ದಾರೆ. 2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮಾಳಿಗೆ ಸೋಲಾರ್‌ಗೆ ಯೂನಿಟ್‌ಗೆ 9.56 ರೂಪಾಯಿ ದರ ಗೊತ್ತುಮಾಡಿತು. ಖಾಲಿ ಜಾಗದಲ್ಲಿ ಶೆಡ್ ಎಬ್ಬಿಸಿ, ಅದನ್ನೇ ಮಾಳಿಗೆ ಅಂತ ತೋರಿಸಿ ದೊಡ್ಡ ಪ್ಲಾಂಟ್ ಹಾಕಿದವರೂ ಇದ್ದರು. 2016ರಲ್ಲಿ ದರ ಇಳಿಯಿತು. ಈಗ ಹೆಚ್ಚುವರಿ ಯೂನಿಟ್‌ಗೆ ಸಿಗುವುದು ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ನಿಮ್ಮ ಖರ್ಚಿಗೆ ಸರಿಹೋಗುವಷ್ಟೇ ಹಾಕಿಸಿ. ಮಾರಾಟದ ಆಸೆಯಿಂದ ದೊಡ್ಡದು ಹಾಕಿಸಿದರೆ ಹಾಕಿದ ದುಡ್ಡು ಬೇಗ ವಾಪಸ್ ಬರುವುದಿಲ್ಲ.

ನಾವು ಅಪಾರ್ಟ್‌ಮೆಂಟ್‌ನಲ್ಲಿ ಬಾಡಿಗೆಗಿದ್ದೀವಿ. ನಮಗೇನೂ ದಾರಿ ಇಲ್ವಾ?

ಬಾಡಿಗೆಯವರಿಗೆ ಸದ್ಯಕ್ಕೆ ದಾರಿ ಕಡಿದು. ಮಾಳಿಗೆ ಮಾಲೀಕರದು, ಬಿಲ್ ನಿಮ್ಮದು. ಹಾಕಿಸುವವನಿಗೆ ಲಾಭವಿಲ್ಲ, ಲಾಭ ಬೇಕಾದವನಿಗೆ ಹಕ್ಕಿಲ್ಲ. ಅಪಾರ್ಟ್‌ಮೆಂಟ್ ಸಂಘಗಳು ಲಿಫ್ಟ್, ನೀರಿನ ಪಂಪು, ಕಾರಿಡಾರ್ ದೀಪಕ್ಕೆ ಹಾಕಿಸಬಹುದು. ಅದಕ್ಕೆ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ ಇದೆ. ಒಂದೇ ಪ್ಲಾಂಟ್‌ನ ಕರೆಂಟನ್ನು ಹಲವು ಫ್ಲಾಟ್‌ಗಳ ಬಿಲ್‌ಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗ್ ವ್ಯವಸ್ಥೆಯನ್ನು ದೆಹಲಿ 2019ರಲ್ಲೇ ತಂದಿತು. ಬೆಂಗಳೂರಿನಂಥ ಊರಿಗೆ ಬೇಕಾದದ್ದು ಅದೇ.

## ಹೊಲದ ಲೆಕ್ಕ

ಪಂಪ್‌ಸೆಟ್‌ಗೆ ಸೋಲಾರ್ ಅಂದ್ರೆ ಮುಂದೆ ಫ್ರೀ ಕರೆಂಟ್ ಕಿತ್ಕೊಳ್ಳೋಕೆ ಹೂಡಿದ ಆಟ ಅಲ್ವಾ?

ಈ ಅನುಮಾನ ಹಳ್ಳಿಗಳಲ್ಲಿ ಆಳವಾಗಿದೆ, ಅದಕ್ಕೆ ಕಾರಣವೂ ಇದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ರಾಜ್ಯದಲ್ಲಿ ಇಂಥ ಪಂಪ್‌ಸೆಟ್ 30 ಲಕ್ಷಕ್ಕೂ ಜಾಸ್ತಿ. ರಾಜ್ಯದ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲಿಗೇ ಹೋಗುತ್ತದೆ. ಸರ್ಕಾರ ಎಸ್ಕಾಂಗೆ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಮೀರಿ ತುಂಬಿಕೊಡುತ್ತದೆ. ಮೀಟರ್ ಹಾಕುತ್ತೇವೆ ಅಂದಾಗಲೆಲ್ಲ ರೈತ ಸಂಘಟನೆಗಳು ಎದ್ದು ನಿಂತಿವೆ. ಮೀಟರ್ ಬಂದ ಮೇಲೆ ಬಿಲ್ ಬರುವುದಕ್ಕೆ ಎಷ್ಟು ಹೊತ್ತು ಅಂತ ಅವರ ಪ್ರಶ್ನೆ.

2023ರಲ್ಲಿ ಅನುಮಾನ ಇನ್ನೂ ಗಟ್ಟಿಯಾಯಿತು. ಹೊಸ ಪಂಪ್‌ಸೆಟ್‌ಗೆ ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಖರ್ಚನ್ನು ರೈತರೇ ಭರಿಸಬೇಕು, ಲೈನ್‌ನಿಂದ 500 ಮೀಟರ್‌ಗಿಂತ ದೂರ ಇದ್ದರೆ ಸೋಲಾರ್ ಪಂಪ್ ತಗೊಳ್ಳಿ ಅಂತ ಸರ್ಕಾರ ಹೇಳಿತು. ಕುಸುಮ್-ಬಿ ಅನ್ನುವ ಈ ಯೋಜನೆಯಲ್ಲಿ ಕೇಂದ್ರ ಶೇ. 30, ರಾಜ್ಯ ಶೇ. 50, ರೈತ ಶೇ. 20 ಹಾಕಬೇಕು. ಸಬ್ಸಿಡಿ ದೊಡ್ಡದೇ. ಆದರೆ ಪಕ್ಕದ ಹೊಲದವನು ಒಂದು ರೂಪಾಯಿಯೂ ಹಾಕದೆ ಕರೆಂಟ್ ಓಡಿಸುವಾಗ, ತಾನು ಶೇ. 20 ಯಾಕೆ ಹಾಕಬೇಕು ಅನ್ನಿಸುವುದು ಸಹಜ. ಸಾವಿರ ಅಡಿ ಬೋರ್‌ವೆಲ್‌ನಿಂದ ನೀರೆತ್ತುವ ಕೋಲಾರದ ಕಡೆಯವರಿಗಂತೂ ಸಣ್ಣ ಸೋಲಾರ್ ಪಂಪ್ ಸಾಲುವುದೇ ಇಲ್ಲ.

ನನಗೆ ಹೆಚ್ಚು ಭರವಸೆ ಇರುವುದು ಕುಸುಮ್-ಸಿ ಮೇಲೆ. ರೈತನ ಮೀಟರ್‌ಗೂ ಕೈ ಹಾಕುವುದಿಲ್ಲ, ಪಂಪಿಗೂ ಕೈ ಹಾಕುವುದಿಲ್ಲ. ಊರ ಸಬ್‌ಸ್ಟೇಷನ್ ಪಕ್ಕ ಒಂದು ಪ್ಲಾಂಟ್ ಹಾಕಿ, ಆ ಕರೆಂಟನ್ನು ಪಂಪ್‌ಸೆಟ್ ಫೀಡರ್‌ಗೆ, ಅಂದರೆ ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೆ, ಬಿಡುತ್ತಾರೆ. ಎಸ್ಕಾಂಗೆ ಯೂನಿಟ್ ಮೂರು ರೂಪಾಯಿ ಚಿಲ್ಲರೆಗೆ ಸಿಗುತ್ತದೆ, ದೂರದಿಂದ ತರುವ ನಷ್ಟವೂ ಉಳಿಯುತ್ತದೆ. ರೈತನಿಗೆ ಸಿಗುವ ಲಾಭ ಅಂದರೆ ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಹಗಲು ಹೊತ್ತಲ್ಲೇ ಸಿಗುವುದು. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು, ಹಾವು ಚೇಳು ನೋಡಿಕೊಂಡು ಸ್ಟಾರ್ಟರ್ ಒತ್ತಲು ಹೋಗುವವರಿಗೆ ಇದರ ಬೆಲೆ ಗೊತ್ತು. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲೂಕಿನಲ್ಲಿ ಇಂಥ ಪ್ಲಾಂಟ್‌ಗೆ ಮುಖ್ಯಮಂತ್ರಿಗಳು ಚಾಲನೆ ಕೊಟ್ಟರು. ಮುಂದಿನ ತೊಡಕು ಜಾಗದ್ದು. ಸಬ್‌ಸ್ಟೇಷನ್ ಪಕ್ಕದಲ್ಲೇ ತಕರಾರಿಲ್ಲದ ಸರ್ಕಾರಿ ಜಮೀನು ಸಿಗಬೇಕು, ಅದು ಎಷ್ಟು ಊರಲ್ಲಿದೆ ಹೇಳಿ.

ಪಾವಗಡದಲ್ಲಿ ಅಷ್ಟು ದೊಡ್ಡ ಪಾರ್ಕ್ ಬಂತಲ್ಲ. ಊರವರಿಗೆ ಏನು ಸಿಕ್ತು?

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಅನ್ನುವ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ಹರಡಿದೆ. 2018ರಲ್ಲಿ ಶುರುವಾಗಿ 2019ರ ಕೊನೆಗೆ ಪೂರ್ತಿಯಾಯಿತು. ಇಲ್ಲಿ ಸರ್ಕಾರ ಮಾಡಿದ ಒಂದು ಜಾಣತನ ಅಂದರೆ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮೇಲಿಂದ ಮೇಲೆ ಬರ ಬಿದ್ದು ಕಡಲೆಕಾಯಿ ಕೈಕೊಟ್ಟ ಸೀಮೆಯಲ್ಲಿ ಹತ್ತಿಪ್ಪತ್ತು ಎಕರೆ ಇದ್ದವರಿಗೆ ಇದು ಮಳೆ ನಂಬದ ಆದಾಯ. ಪಹಣಿ ಅವರ ಹೆಸರಲ್ಲೇ ಉಳಿಯಿತು. ಸ್ವಾಧೀನದ ಗಲಾಟೆ ಆಗದೆ ಪಾರ್ಕ್ ಬೇಗ ಎದ್ದದ್ದು ಇದರಿಂದಲೇ.

ಈಗ ಜಮೀನಿಲ್ಲದವರನ್ನು ಕೇಳಿ. ಗುತ್ತಿಗೆ ದುಡ್ಡು ಪಹಣಿ ಇದ್ದವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ, ಕಡಲೆಕಾಯಿ ಬಿಡಿಸುತ್ತಿದ್ದವರಿಗೆ ಕೂಲಿ ಹೋಯಿತು. ಕುರಿ ಮೇಯಿಸುತ್ತಿದ್ದ ಬಯಲಿಗೆ ಬೇಲಿ ಬಂತು. ಪಾರ್ಕ್ ಕಟ್ಟುವಾಗ ಕೆಲಸ ಜಾಸ್ತಿ ಇತ್ತು, ಕಟ್ಟಿದ ಮೇಲೆ ಉಳಿದದ್ದು ಕಾವಲು, ಹುಲ್ಲು ಕೊಯ್ಯುವುದು, ಪ್ಯಾನಲ್ ತೊಳೆಯುವುದು. ವರ್ಷಗಟ್ಟಲೆ ಉಳುಮೆ ಮಾಡಿಯೂ ಸಾಗುವಳಿ ಚೀಟಿ ಸಿಗದವರ ಪಾಡೂ ಇದೇ. ಮುಂದಿನ ಪಾರ್ಕ್‌ಗಳಿಗೆ ಊರವರು ಸುಲಭವಾಗಿ ಒಪ್ಪಬೇಕಾದರೆ ಯೂನಿಟ್‌ಗೆ ಇಷ್ಟು ಪೈಸೆ ಅಂತ ಪಂಚಾಯಿತಿಗೆ ಬರುವ ಹಾಗೆ ಒಪ್ಪಂದದಲ್ಲೇ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಪಹಣಿ ಇಲ್ಲದವರಿಗೂ ಪಾಲು ತಲುಪಲು ಬೇರೆ ದಾರಿ ನನಗೆ ಕಾಣುತ್ತಿಲ್ಲ.

## ಒಳಗಿನ ಲೆಕ್ಕ

ಸೋಲಾರ್ ಕರೆಂಟ್ ಎರಡೂವರೆ ರೂಪಾಯಿಗೆ ಸಿಗುತ್ತೆ ಅಂತೀರಿ. ನನ್ನ ಬಿಲ್ ಯಾಕೆ ಇಳಿದಿಲ್ಲ?

ಮೂರು ಕಾರಣ. ಒಂದು, ಅಗ್ಗದ ದರ ಹೊಸ ಹರಾಜಿನದು (ಕರೆಂಟಿಗೆ ಕಡಿಮೆ ದರ ಕೂಗಿದ ಕಂಪನಿಗೆ ಪ್ಲಾಂಟ್ ಸಿಗುವ ಹರಾಜು). ಪಾವಗಡದ ಮೊದಲ ಹರಾಜುಗಳಲ್ಲಿ, 2016ರ ಹೊತ್ತಿಗೆ, ಯೂನಿಟ್‌ಗೆ 4.80 ಆಸುಪಾಸು ಇತ್ತು. 2020ರ ಡಿಸೆಂಬರ್‌ನಲ್ಲಿ ಗುಜರಾತ್ ಹರಾಜಿನಲ್ಲಿ 1.99 ಆಯಿತು. ಹಳೆಯ ಒಪ್ಪಂದ 25 ವರ್ಷ ಹಳೆಯ ದರದಲ್ಲೇ ನಡೆಯುತ್ತದೆ.

ಎರಡನೆಯದು ಜಾಸ್ತಿ ಕಹಿ. ಉಷ್ಣ ಸ್ಥಾವರಗಳ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಕರೆಂಟ್ ತಗೊಂಡರೂ ಬಿಟ್ಟರೂ ನಿಗದಿತ ಶುಲ್ಕ ಕಟ್ಟಲೇಬೇಕು. ವಿಜಯಪುರ ಜಿಲ್ಲೆಯ ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರದಿಂದ ಕರೆಂಟ್ ಬೇಡವಾದ ತಿಂಗಳುಗಳಲ್ಲೂ ನಮ್ಮ ಎಸ್ಕಾಂಗಳಿಗೆ ಆ ಶುಲ್ಕದ ಹೊರೆ ತಪ್ಪಲಿಲ್ಲ. ಮಧ್ಯಾಹ್ನ ಸೋಲಾರ್ ತಗೊಂಡರೆ ಉಳಿತಾಯವಾಗುವುದು ಕಲ್ಲಿದ್ದಲಿನ ಖರ್ಚು ಮಾತ್ರ.

ಮೂರನೆಯದು ತಂತಿ, ಸಿಬ್ಬಂದಿ, ಸಾಲದ ಬಡ್ಡಿ. ಬಿಲ್‌ನಲ್ಲಿ ನಿಗದಿತ ಶುಲ್ಕದ ಸಾಲು ನೋಡಿ. ಬಳಸಿದ ಯೂನಿಟ್ ಸೊನ್ನೆಯಾದರೂ ಅದು ಹಾಗೇ ಇರುತ್ತದೆ. ಕೆಲವು ವರ್ಷಗಳಿಂದ ಏರುತ್ತಲೂ ಇದೆ.

ಕಾರ್ಖಾನೆಗಳು ತಾವೇ ಸೋಲಾರ್ ಹಾಕ್ಕೊಂಡ್ರೆ ಎಸ್ಕಾಂಗೇನು ಕಷ್ಟ? ಹೊರೆ ಕಡಿಮೆ ಆಯ್ತಲ್ವಾ?

ಹೊರೆ ಕಡಿಮೆಯಾಗುವುದಿಲ್ಲ, ಹೊರುವವರು ಕಡಿಮೆಯಾಗುತ್ತಾರೆ. ಕಾರ್ಖಾನೆ, ಮಾಲ್, ಐಟಿ ಕಂಪನಿಗಳು ಕರೆಂಟಿನ ಅಸಲಿಗಿಂತ ಜಾಸ್ತಿ ಕೊಡುತ್ತವೆ. ಆ ಹೆಚ್ಚುವರಿ ದುಡ್ಡು ಅಸಲಿಗಿಂತ ಕಡಿಮೆ ಕೊಡುವವರ ಕಡೆಗೆ ಹರಿಯುತ್ತದೆ. ಇದಕ್ಕೇ ಕ್ರಾಸ್ ಸಬ್ಸಿಡಿ ಅನ್ನುವುದು. ದೊಡ್ಡವರು ಹೊರಟುಹೋದರೆ ಉಳಿದವರ ದರ ಏರಬೇಕು ಅಥವಾ ಸರ್ಕಾರ ತುಂಬಬೇಕು. ಸರ್ಕಾರ ತುಂಬುವುದು ತಡ. ಗ್ರಾಮ ಪಂಚಾಯಿತಿ, ನಗರಸಭೆಗಳ ಬೀದಿದೀಪ ಮತ್ತು ಕುಡಿಯುವ ನೀರಿನ ಬಿಲ್ ಬಾಕಿಯೇ ಸಾವಿರಾರು ಕೋಟಿ.

2014ರಲ್ಲಿ ಕರ್ನಾಟಕ ಉಲ್ಟಾ ದಾರಿ ಹಿಡಿದಿತ್ತು. 2018ರ ಮಾರ್ಚ್ ಒಳಗೆ ಚಾಲೂ ಆದ ಸೋಲಾರ್ ಪ್ಲಾಂಟ್‌ನಿಂದ ನೇರ ಕರೆಂಟ್ ಕೊಳ್ಳುವವರಿಗೆ ಹತ್ತು ವರ್ಷ ವೀಲಿಂಗ್ ಶುಲ್ಕ (ತಂತಿ ಬಳಸುವುದಕ್ಕೆ ಕೊಡುವ ಬಾಡಿಗೆ), ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಹೊರಟವರು ಆ ಸಬ್ಸಿಡಿಯ ನಷ್ಟಕ್ಕೆ ಕಟ್ಟುವ ಶುಲ್ಕ) ಮಾಫಿ. ಗಡುವಿನ ಮೊದಲು ಜನ ಮುಗಿಬಿದ್ದರು. ಎಸ್ಕಾಂಗಳಿಗೆ ಬಿಸಿ ಮುಟ್ಟಿತು. ಗಡುವು ಮುಗಿದದ್ದೇ ಶುಲ್ಕಗಳು ವಾಪಸ್ ಬಂದವು, ಕೋರ್ಟು ಕಚೇರಿ ಶುರುವಾಯಿತು. 2022ರಲ್ಲಿ ಕೇಂದ್ರದ ಗ್ರೀನ್ ಓಪನ್ ಆಕ್ಸೆಸ್ ನಿಯಮ, ಹೀಗೆ ನೇರವಾಗಿ ಹಸಿರು ಕರೆಂಟ್ ಕೊಳ್ಳಲು ಇರಬೇಕಾದ ಲೋಡ್‌ನ ಮಿತಿಯನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿತು. ಈಗ ಸಣ್ಣ ಫ್ಯಾಕ್ಟರಿಯೂ ಹೊರಡಬಹುದು.

ವಿಚಿತ್ರ ಏನೆಂದರೆ, ಎಸ್ಕಾಂ ಮತ್ತು ಸರ್ಕಾರಕ್ಕೆ ನಿಜವಾಗಿ ಲಾಭ ಇರುವುದು ಉಚಿತ ಕರೆಂಟ್ ಪಡೆಯುವವರಿಗೆ ಸೋಲಾರ್ ಕೊಟ್ಟರೆ. ಪಂಪ್‌ಸೆಟ್‌ಗೆ ಹೋಗುವ ಪ್ರತಿ ಯೂನಿಟ್ ಅಗ್ಗವಾದರೆ ಖಜಾನೆಗೆ ಅಷ್ಟು ಉಳಿತಾಯ. ಆದರೆ ಮಾಳಿಗೆ ಸಬ್ಸಿಡಿ ಹೋಗುವುದು ಬಹುತೇಕ ಬಿಲ್ ಕಟ್ಟುವ ಮನೆಗಳಿಗೆ.

ಚೀನಾ ಪ್ಯಾನಲ್ ಅಗ್ಗಕ್ಕೆ ಬರುತ್ತೆ. ನಾವ್ಯಾಕೆ ತೆರಿಗೆ ಹಾಕಿ ತಡೀತೀವಿ?

ಇಲ್ಲೇ ತಯಾರಾಗಲಿ ಅಂತ. 2022ರ ಏಪ್ರಿಲ್‌ನಿಂದ ಪ್ಯಾನಲ್ ಮೇಲೆ ಶೇ. 40, ಪ್ಯಾನಲ್ ಒಳಗಿನ ಸೆಲ್ ಮೇಲೆ ಶೇ. 25 ಆಮದು ಸುಂಕ ಹಾಕಿದರು. ಅದರ ಜೊತೆ ಸರ್ಕಾರ ಒಪ್ಪಿದ ತಯಾರಕರ ಪಟ್ಟಿ ಇದೆ. ಪಟ್ಟಿಯಲ್ಲಿಲ್ಲದ ಪ್ಯಾನಲನ್ನು ಸರ್ಕಾರಿ ಯೋಜನೆಗಳಲ್ಲಿ ಬಳಸುವಂತಿಲ್ಲ. ಒಂದು ವರ್ಷ ಸಡಿಲ ಬಿಟ್ಟು 2024ರ ಏಪ್ರಿಲ್‌ನಿಂದ ಮತ್ತೆ ಜಾರಿಗೆ ತಂದರು. ಮನೆ ಸಬ್ಸಿಡಿ ಬೇಕಾದರೆ ಸೆಲ್ ಕೂಡ ದೇಶದ್ದೇ ಇರಬೇಕು, ಅದು ದುಬಾರಿ. ಅಂದರೆ ಒಂದು ಕೈಯಲ್ಲಿ ಕೊಟ್ಟ 78,000ದಲ್ಲಿ ಒಂದಷ್ಟು ತಯಾರಕರ ಕಡೆಗೆ ಹೋಗುತ್ತದೆ. ಜಿಎಸ್‌ಟಿ ಕೂಡ 2021ರಲ್ಲಿ ಶೇ. 5ರಿಂದ 12ಕ್ಕೆ ಏರಿ, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ 5ಕ್ಕೆ ಬಂತು.

ಒಂದೇ ದೇಶದ ಮೇಲೆ ಅವಲಂಬಿಸಬಾರದು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಅದರ ಖರ್ಚನ್ನು ಕೈಗಾರಿಕಾ ಬಜೆಟ್‌ನಲ್ಲಿ ತೋರಿಸಲಿ. ಮಾಳಿಗೆಗೆ ಪ್ಯಾನಲ್ ಹಾಕಿಸುವವರ ತಲೆ ಮೇಲೆ ಯಾಕೆ ಹಾಕಬೇಕು?

ಇದೆಲ್ಲ ಕಲ್ಲಿದ್ದಲು ಲಾಬಿ ಕೆಲಸ ಅಂತಾರಲ್ಲ?

ಲಾಬಿ ಅಂದರೆ ಕೋಣೆಯಲ್ಲಿ ಕೂತ ನಾಲ್ಕು ಜನ ಅಂದುಕೊಂಡರೆ ತಪ್ಪಾಗುತ್ತದೆ. ರೈಲ್ವೆಯ ಸರಕು ಆದಾಯದ ಅರ್ಧದಷ್ಟು ಕಲ್ಲಿದ್ದಲು ಸಾಗಣೆಯಿಂದ ಬರುತ್ತದೆ. ನಮ್ಮ ಪ್ಯಾಸೆಂಜರ್ ಟಿಕೆಟ್ ಅಗ್ಗವಾಗಿರುವುದು ಸರಕಿನ ಲಾಭದಿಂದ. ಜಾರ್ಖಂಡ್, ಛತ್ತೀಸಗಢ, ಒಡಿಶಾಗಳಿಗೆ ರಾಯಧನ ಬರುತ್ತದೆ. ಕಲ್ಲಿದ್ದಲು ಸ್ಥಾವರಗಳಿಗೆ ಸಾಲ ಕೊಟ್ಟವರು ಸರ್ಕಾರಿ ಬ್ಯಾಂಕ್‌ಗಳೇ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ, ಹಾಗಾಗಿ ಇಲ್ಲಿ ಈ ಒತ್ತಡ ಕಡಿಮೆ.

ಸರ್ಕಾರ ಬದಲಾದ್ರೆ ಒಪ್ಪಂದಾನೂ ಬದಲಾಗುತ್ತಾ?

ಪಕ್ಕದ ಆಂಧ್ರದಲ್ಲಿ ಹಾಗಾಯಿತು. 2019ರಲ್ಲಿ ಬಂದ ಜಗನ್ ಸರ್ಕಾರ ಹಿಂದಿನ ಸರ್ಕಾರದ ಸೋಲಾರ್ ಮತ್ತು ಗಾಳಿ ವಿದ್ಯುತ್ ಒಪ್ಪಂದಗಳ ದರ ಇಳಿಸಲು ಸಮಿತಿ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ಒಪ್ಪಂದದ ದರವನ್ನೇ ಕೊಡಿ ಅಂದಿತು. ಅಷ್ಟರಲ್ಲಿ ಸಾಲ ಕೊಡುವವರಿಗೆ ಭಯ ಹತ್ತಿತ್ತು.

ಸ್ಪೇನ್ ಇನ್ನೂ ಮುಂದೆ ಹೋಯಿತು. 2015ರಲ್ಲಿ ಸ್ವಂತ ಪ್ಯಾನಲ್ ಇಟ್ಟವರ ಮೇಲೆ ಶುಲ್ಕ ಹಾಕಿತು, ಜನ ಅದನ್ನು ಸೂರ್ಯ ತೆರಿಗೆ ಅಂದರು. 2018ರಲ್ಲಿ ಸರ್ಕಾರ ಬದಲಾಗಿ ಅದು ರದ್ದಾಯಿತು. ಆಮೇಲೆ ಸ್ಪೇನ್‌ನ ಮಾಳಿಗೆಗಳಲ್ಲಿ ಪ್ಯಾನಲ್ ತುಂಬಿದವು. ಬಿಸಿಲು ಎರಡೂ ಕಾಲದಲ್ಲಿ ಒಂದೇ ಇತ್ತು.

ಸಂಜೆ ಆರರ ಮೇಲೆ ಏನ್ ಮಾಡ್ತೀರಿ?

ಹಗಲಿನದನ್ನು ಕೂಡಿಡಬೇಕು. ಬ್ಯಾಟರಿ ಬೆಲೆ ವೇಗವಾಗಿ ಇಳಿಯುತ್ತಿದೆ. ಕರ್ನಾಟಕ ಸರ್ಕಾರದ ಒಲವು ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಕಡೆಗಿದೆ. ಹಗಲು ನೀರನ್ನು ಮೇಲಿನ ಜಲಾಶಯಕ್ಕೆ ಎತ್ತುವುದು, ಸಂಜೆ ಇಳಿಸಿ ಕರೆಂಟ್ ಮಾಡುವುದು. ಅದು ಸಿಂಗಳೀಕಗಳ ಅಭಯಾರಣ್ಯ. ಲಿಂಗನಮಕ್ಕಿ ಜಲಾಶಯಕ್ಕೆ ಊರು ಕಳಕೊಂಡವರ ಮಕ್ಕಳು ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಓಡಾಡುತ್ತಿರುವ ಸೀಮೆ. ಅಲ್ಲಿ ಮತ್ತೊಂದು ಯೋಜನೆ ಅಂದರೆ ಜನ ಎದ್ದೇಳುವುದರಲ್ಲಿ ಆಶ್ಚರ್ಯವಿಲ್ಲ. ಬಯಲುಸೀಮೆಯ ಬಿಸಿಲನ್ನು ಕೂಡಿಡಲು ಮಲೆನಾಡಿನ ಕಾಡೇ ಆಗಬೇಕಾ ಅನ್ನುವ ಅವರ ಪ್ರಶ್ನೆಗೆ ಬ್ಯಾಟರಿ ಅಗ್ಗವಾದಷ್ಟೂ ಬಲ ಬರುತ್ತದೆ.

ಪಾಕಿಸ್ತಾನದಲ್ಲಿ ಸರ್ಕಾರ ಏನೂ ಮಾಡದೇ ಜನಾನೇ ಹಾಕ್ಕೊಂಡ್ರಂತೆ. ನಿಜಾನಾ?

ನಿಜ. 2024 ಒಂದೇ ವರ್ಷ ಸುಮಾರು 17 ಗಿಗಾವ್ಯಾಟ್ ಪ್ಯಾನಲ್ ಚೀನಾದಿಂದ ಅಲ್ಲಿಗೆ ಹೋಯಿತು. ಅವರ ಇಡೀ ಗ್ರಿಡ್ ಸಾಮರ್ಥ್ಯ 46 ಗಿಗಾವ್ಯಾಟ್ ಆಸುಪಾಸು, ಹೋಲಿಸಿ ನೋಡಿ. ಅಲ್ಲಿ ಕರೆಂಟ್ ದರ ಕೆಲವೇ ವರ್ಷದಲ್ಲಿ ವಿಪರೀತ ಏರಿತ್ತು, ಪ್ಯಾನಲ್ ಬೆಲೆ ನೆಲ ಕಚ್ಚಿತ್ತು, ಆಮದಿಗೆ ತಡೆ ಇರಲಿಲ್ಲ. ನಮ್ಮಲ್ಲಿ ಈ ಮೂರೂ ಉಲ್ಟಾ ಇವೆ.

ಆದರೆ ಪೂರ್ತಿ ಕಥೆ ಸಿಹಿಯಲ್ಲ. ದುಡ್ಡಿದ್ದವರು ಪ್ಯಾನಲ್ ಹಾಕಿ ಗ್ರಿಡ್ ಬಿಟ್ಟರು. ಉಷ್ಣ ಸ್ಥಾವರಗಳ ನಿಗದಿತ ಶುಲ್ಕ ಅಷ್ಟೇ ಉಳಿಯಿತು, ಅದನ್ನು ಹಂಚಿಕೊಳ್ಳಲು ಮಾಳಿಗೆ ಇಲ್ಲದವರು, ಬಾಡಿಗೆಯವರು, ಬಡವರು ಸಿಕ್ಕಿದರು. 2025ರಲ್ಲಿ ಸರ್ಕಾರ ಆಮದು ಪ್ಯಾನಲ್ ಮೇಲೆ ಶೇ. 10 ತೆರಿಗೆ ಹಾಕಿತು. ಹೆಚ್ಚುವರಿ ಕರೆಂಟ್ ಕೊಳ್ಳುವ ದರವನ್ನು ಅಲ್ಲಿನ 27 ರೂಪಾಯಿಯಿಂದ 10ಕ್ಕೆ ಇಳಿಸುವ ಪ್ರಸ್ತಾಪವೂ ಅದೇ ವರ್ಷ ಬಂತು. ನಮ್ಮ ಎಸ್ಕಾಂ ಅಧಿಕಾರಿಗಳ ಜೊತೆ ಮಾತಾಡುವಾಗ ಅವರು ತೋರಿಸುವುದು ಈ ಉದಾಹರಣೆಯನ್ನೇ. ಅವರ ಭಯದಲ್ಲಿ ಹುರುಳಿದೆ. ಅದಕ್ಕೆ ಅವರು ಹಿಡಿದ ಮದ್ದು, ಅಂದರೆ ಫೈಲು ನಿಧಾನ ಮಾಡುವುದು, ಬ್ಯಾಟರಿ ಬೆಲೆ ಇಳಿಯುವವರೆಗೆ ಮಾತ್ರ ನಡೆಯುತ್ತದೆ. ಬ್ಯಾಟರಿ ಇಟ್ಟುಕೊಂಡವನಿಗೆ ನೆಟ್ ಮೀಟರ್ ಅರ್ಜಿಯೇ ಬೇಕಿಲ್ಲ.